ಯಾರೂ ಎತ್ತಬಾರದು

ಹಲಗೆ ಸರಿಯಾಗಿಯೇ ಕೂತಿತ್ತು. ಸಿಕ್ಕಿಹಾಕಿಕೊಂಡವಳು ಅವಳು.

ಹಲಗೆಯ ಒಂದು ತುದಿ ಗಾಲಿಕುರ್ಚಿಯ ಮೇಲೆ, ಇನ್ನೊಂದು ತುದಿ ರೋಲರ್ ಕೋಸ್ಟರಿನ ಕೆಂಪು ಸೀಟಿನ ಮೇಲೆ, ನಡುವೆ ಅವಳು. ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಬಲತೊಡೆ ಸೀಟಿಗೆ ತಾಕಿತ್ತು, ತಾಕಿದ್ದೇ ಅಂಟಿಕೊಂಡಿತ್ತು. ಎರಡೂ ಅಂಗೈ ಊರಿ ಒತ್ತಿದಳು. ಭುಜ ಎದ್ದಿತು, ಬೆನ್ನು ಎದ್ದಿತು, ಪ್ಯಾಂಟು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಮೇಡಂ, ನಾನು ಮುಟ್ಟೋ ಹಾಗಿಲ್ಲ," ಎಂದಳು ಬಂಡಿ ಬಿಡುವ ಹೆಂಗಸು. ನೀಲಿ ಸಮವಸ್ತ್ರ, ನೀಲಿ ಮಾಸ್ಕ್, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲೇ ಏನನ್ನೋ ಹಿಡಿದವಳಂತೆ ನಿಂತಿದ್ದಳು. "ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

"ಮುಟ್ಟಬೇಡಿ. ಮುಟ್ಟಿದ್ರೆ ನನ್ನ ಮನೆ ಹೋಗುತ್ತೆ."

ಆ ಹೆಂಗಸಿಗೆ ಅದು ಅರ್ಥವಾಗಲಿಲ್ಲ. ಹಿಂದೆ, ನೆಲಕ್ಕೆ ಬಳಿದ ಹಳದಿ ವೃತ್ತಗಳಲ್ಲಿ ಒಬ್ಬೊಬ್ಬರಾಗಿ ನಿಂತವರು ಕತ್ತು ಉದ್ದ ಮಾಡಿದ್ದರು.

"ಯಾರಾದ್ರೂ ಒಂದು ಕೈ ಹಾಕ್ರಪ್ಪ, ಪಾಪ."

"ನೀವೇ ಹಾಕಿ. ಆಮೇಲೆ ಎರಡು ವಾರ ಬಾಗಿಲು ಮುಚ್ಕೊಂಡು ರೂಮಲ್ಲಿ ಕೂತಿರಿ."

"ಯಾರೂ ಕೈ ಹಾಕಬೇಡಿ!" ಅವಳು ತಿರುಗದೆಯೇ ಕೂಗಿದಳು. "ಪಾಪಾನೂ ಬೇಡ."

ಯಾರೋ ನಕ್ಕರು. ಅವಳು ಇನ್ನೊಮ್ಮೆ ಒತ್ತಿದಳು. ಆಗಲಿಲ್ಲ. ಬಂದ ದಾರಿಯಲ್ಲೇ ಇಂಚಿಂಚಾಗಿ ಹಿಂದಕ್ಕೆ ಸರಿದು ಕುರ್ಚಿಯಲ್ಲಿ ಕೂತಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲಕ್ಕೆ ಹಲಗೆಯನ್ನು ಸಿಕ್ಕಿಸಿ ಬ್ರೇಕ್ ತೆಗೆದಳು.

"ಎಷ್ಟೊತ್ತಿನವರೆಗೆ ಬಿಡ್ತೀರ ಈ ಬಂಡೀನ?"

"ಸಾಯಂಕಾಲದವರೆಗೂ ಇರುತ್ತೆ ಮೇಡಂ."

"ಬರ್ತೀನಿ," ಎಂದಳು, ಹೆದರಿಸುವವಳಂತೆ.

ಪಂದ್ಯ ಕಟ್ಟಿದ್ದು ಅಣ್ಣ. ಅವನದು ಮನೆ ಸಾಮಾನು ಸಾಗಿಸುವ ಕಸುಬು. ಎರಡು ಲಾರಿ, ಒಂದು ಗೋದಾಮು, ಕಂಬದಂಥ ತೋಳುಗಳು. ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಮಹಡಿ ಹತ್ತುವವನು. ಆರು ವರ್ಷದ ಹಿಂದೆ ತಂಗಿಯ ಬೆನ್ನುಹುರಿಗೆ ಬಾವು ಬಂದು ಕಾಲು ಕೈಕೊಟ್ಟಾಗ ಡಾಕ್ಟರು ಹೇಳಿದ ದೊಡ್ಡ ದೊಡ್ಡ ಮಾತುಗಳೊಂದೂ ಅವನ ತಲೆಗೆ ಹೋಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ಮಾಡಿದ. ಎತ್ತಿದ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ, ಕಾರಿನಿಂದ ಮದುವೆಮನೆಯ ಮುಂದಿನ ಸಾಲಿಗೆ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕೈ ಬೆನ್ನ ಹಿಂದೆ, ಬಾಯಲ್ಲಿ "ಹ್ಞಾ, ಬಂತು" ಎಂಬ ಸಣ್ಣ ಸದ್ದು. ಬೀರು ಎತ್ತುವಾಗಲೂ ಅದೇ ಸದ್ದು. ಒಮ್ಮೆಯೂ ಕೇಳಿ ಎತ್ತಿದವನಲ್ಲ. ನೀರು ಕುಡಿಯುತ್ತಿದ್ದರೂ, ಯಾರೊಂದಿಗೋ ಮಾತಾಡುತ್ತಿದ್ದರೂ ಅವಳು ಇದ್ದಕ್ಕಿದ್ದಂತೆ ಗಾಳಿಯಲ್ಲಿರುತ್ತಿದ್ದಳು.

ಆಮೇಲೆ ಕಾಯಿಲೆ ಬಂತು, ಊರಿಗೆಲ್ಲ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್. ದಿನಾ ವಾರ್ಡಿನಿಂದ ಮನೆಗೆ ಬರುವವಳು. ಅಣ್ಣ ತನ್ನ ಮನೆಯಲ್ಲೇ ಉಳಿಯಬೇಕಾಯಿತು, ತಂಗಿ ತನ್ನ ಫ್ಲ್ಯಾಟಿನಲ್ಲಿ. ಮೊದಲ ಕೆಲವು ರಾತ್ರಿ ಅವಳು ಕುರ್ಚಿಯಲ್ಲೇ ನಿದ್ದೆ ಮಾಡಿದಳು. ಆಮೇಲೆ ಸಿಟ್ಟು ಬಂತು. ಹಳೆಯ ಕಪಾಟಿನ ಬಾಗಿಲೊಂದನ್ನು ಕೆಳಗಿನ ಮನೆಯ ಬಡಗಿಯಿಂದ ಕೊಯ್ಯಿಸಿ ತರಿಸಿಕೊಂಡಳು. ಅವನು ಅದನ್ನು ಹೊಸ್ತಿಲಲ್ಲಿಟ್ಟು ಬೆಲ್ಲು ಒತ್ತಿ ಓಡಿಹೋದ. ಅದರ ಅಂಚನ್ನು ಅವಳೇ ದುಂಡಗೆ ಉಜ್ಜಿದಳು, ಕಟ್ಟುಹಲ್ಲಿಗೆ ಹೊಳಪು ಕೊಡುವ ತನ್ನ ಯಂತ್ರದಲ್ಲಿ.

ಅವಳ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ಹಿಂದಿನ ಕೋಣೆಯ ಮೇಜಿನ ಮೇಲೆ ಊರಿನ ಬೊಚ್ಚುಬಾಯಿಗಳೆಲ್ಲ ಪ್ಲಾಸ್ಟರ್ ಅಚ್ಚುಗಳಾಗಿ ಸಾಲಾಗಿ ಕೂತಿರುತ್ತಿದ್ದವು. ಡಾಕ್ಟರು ಅಳತೆ ಕಳಿಸುತ್ತಿದ್ದರು. ಮೇಣದಲ್ಲಿ ಹಲ್ಲು ಜೋಡಿಸಿ, ಮೇಲಿನ ಸಾಲು ಕೆಳಗಿನದರ ಮೇಲೆ ಕೂರುವ ಕಚ್ಚು ಸರಿಯಾಗಿದೆಯೇ ನೋಡಿ, ಬೇಯಿಸಿ, ಉಜ್ಜಿ ಹೊಳಪು ಕೊಡುವವಳು ಇವಳು. ಸಾವಿರಾರು ದವಡೆ ಹಿಡಿದ ಕೈ. ಆ ಕೈಗೆ ತನ್ನದೇ ಮೈಯನ್ನು ಮಂಚದಿಂದ ಕುರ್ಚಿಗೆ ದಾಟಿಸುವುದನ್ನು ಕಲಿಸಲು ಚಳಿಗಾಲ ಪೂರ್ತಿ ಹಿಡಿಯಿತು. ಬಿದ್ದಳು, ಬೈದಳು, ಮತ್ತೆ ಹಲಗೆ ಹಾಕಿದಳು.

ಯಾರೂ ಯಾರನ್ನೂ ಮುಟ್ಟಬಾರದು ಎಂದು ರೇಡಿಯೋ ದಿನವೂ ಹೇಳುತ್ತಿತ್ತು. ಜನ ಕಿಟಕಿಯ ಗಾಜಿಗೆ ಕೈಯಿಟ್ಟು ಅಳುತ್ತಿದ್ದರು. ಅವಳಿಗೆ ಮಾತ್ರ ಆರು ವರ್ಷದಲ್ಲಿ ಮೊದಲ ಸಲ ತನ್ನ ಮೈ ತನ್ನ ಕೈಗೆ ಸಿಕ್ಕಿತ್ತು. ಇದನ್ನು ಯಾರೆದುರೂ ಹೇಳುವಂತಿರಲಿಲ್ಲ. ಜನ ಸಾಯುತ್ತಿದ್ದರು. ಆದರೂ ಅದು ನಿಜ.

ಊರು ಮೆಲ್ಲಗೆ ಬಾಗಿಲು ತೆರೆದಾಗ ಅಣ್ಣ ಫೋನ್ ಮಾಡಿದ. ಮನೆಯ ಮುಂದಿನ ಕೋಣೆಗೆ ಬಣ್ಣ ಬಳಿಸಿದ್ದ. ಬಾಗಿಲು ಅಗಲ ಮಾಡಿಸಿದ್ದ.

"ಬಂದುಬಿಡು ಮೆಣಸು. ಸಾಕು ಒಂಟಿ ವನವಾಸ." ಗಿಡ್ಡಗಿದ್ದು ಖಾರ ಮಾತಾಡುತ್ತಿದ್ದಳೆಂದು ಚಿಕ್ಕಂದಿನಿಂದ ಅದೇ ಹೆಸರು.

"ರಜೆ ಹಾಕ್ತಿದೀನಿ. ಥೀಮ್ ಪಾರ್ಕಿಗೆ ಹೋಗ್ತೀನಿ, ಮೂರು ದಿನ."

"ಯಾರ ಜೊತೆ?"

"ಒಬ್ಳೇ."

"ತಲೆ ನೆಟ್ಟಗಿದೆಯಾ? ಈ ಟೈಮಲ್ಲಾ?"

"ಈ ಟೈಮಲ್ಲೇ. ಅರ್ಧ ಜನಾನೇ ಒಳಗೆ ಬಿಡೋದು. ಸಾಲು ಸಣ್ಣದು. ಯಾರೂ ಹತ್ರ ಬರಲ್ಲ. ನನಗೋಸ್ಕರಾನೇ ಮಾಡ್ಸಿದ ಹಾಗಿದೆ."

"ಅಲ್ಲಿ ಹೋಗಿ ಏನ್ ಮಾಡ್ತೀಯ? ನೆರಳಲ್ಲಿ ಕೂತು ಐಸ್‌ಕ್ರೀಂ ನೆಕ್ತೀಯಾ?"

"ರೋಲರ್ ಕೋಸ್ಟರ್ ಹತ್ತುತೀನಿ. ದೊಡ್ಡದು."

ಅಣ್ಣ ಬೀರು ಎತ್ತುವ ಮುಂಚಿನಂತೆ ಭಾರ ಅಂದಾಜು ಮಾಡಿದ.

"ಆಯ್ತು, ಹೋಗು. ಆದ್ರೆ ಒಂದು ಪಂದ್ಯ. ಹೋಗಿ ಬರೋದ್ರೊಳಗೆ ಒಬ್ಬರಾದ್ರೂ ನಿನ್ನನ್ನ ಎತ್ತಿದ್ರೆ, ಆ ಫ್ಲ್ಯಾಟ್ ಬಿಟ್ಟು ಇಲ್ಲಿಗೆ ಬರ್ತೀಯ. ಆ ಬಂಡಿ ಹತ್ತದೆ ವಾಪಸ್ ಬಂದ್ರೂ ಬರ್ತೀಯ."

"ಯಾರೂ ಎತ್ತದೆ ಹತ್ತಿ ಬಂದ್ರೆ?"

"ಆ ರೂಮಿಗೆ ಗೋದಾಮಿನ ಸಾಮಾನು ತುಂಬ್ತೀನಿ. ಇನ್ನು ಈ ಮಾತೇ ಆಡಲ್ಲ."

"ಸೋಫಾ ಸೆಟ್ ತುಂಬು. ಗೋಡೆ ಬಣ್ಣ ಹಾಳಾಗಲ್ಲ," ಎಂದಿದ್ದಳು ಅವಳು.

ಈಗ ಮೂರನೆಯ ದಿನದ ಮಧ್ಯಾಹ್ನ. ಹೋಟೆಲಿನ ಮೆತ್ತನೆ ಮಂಚ, ಜಾರುವ ಬಚ್ಚಲು, ಬಸ್ಸಿನ ಇಳಿಜಾರು ಎಲ್ಲವನ್ನೂ ಹಲಗೆಯೂ ಅವಳೂ ಸೇರಿ ಗೆದ್ದಾಗಿತ್ತು. ಪುಟಾಣಿ ರೈಲಿನಲ್ಲಿ ಕುರ್ಚಿಸಮೇತ ಸುತ್ತಿದ್ದಳು. ಸುತ್ತುವ ಕುದುರೆಗಳ ಮುಂದೆ ನಿಂತು, ಮಾಸ್ಕ್ ಹಾಕಿದ ಅಪ್ಪಂದಿರು ಮಾಸ್ಕ್ ಹಾಕಿದ ಮಕ್ಕಳ ಫೋಟೋ ತೆಗೆದು "ನಗು, ನಗು" ಎನ್ನುವುದನ್ನು ನೋಡಿ ತಾನೂ ನಕ್ಕಿದ್ದಳು. ಉಳಿದದ್ದು ದೊಡ್ಡ ಬಂಡಿ ಒಂದೇ. ಅದು ಅವಳ ಪ್ಯಾಂಟು ಹಿಡಿದುಕೊಂಡು ಬಿಡಲಿಲ್ಲ.

ನೀರಾಟದ ಕಡೆಯ ಬೆಂಚಿನ ಪಕ್ಕ ಕುರ್ಚಿ ನಿಲ್ಲಿಸಿಕೊಂಡು ತೊಡೆ ಮುಟ್ಟಿ ನೋಡಿದಳು. ಒದ್ದೆ. ಮೂಸಿದಳು. ಆಸ್ಪತ್ರೆಯ ವಾಸನೆ. ಆಗ ಹೊಳೆಯಿತು: ಒಂದೊಂದು ಸುತ್ತು ಮುಗಿದ ಮೇಲೂ ಆ ಹೆಂಗಸು ಸೀಟಿಗೆಲ್ಲ ಔಷಧಿ ಸಿಂಪಡಿಸುತ್ತಿದ್ದಳು. ಮನೆಯ ಸೋಫಾಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ. ಚಳಿಗಾಲ ಪೂರ್ತಿ ಅವಳು ಒಣ ಸೀಟಿಗೆ ಜಾರುವುದನ್ನು ಕಲಿತಿದ್ದಳು. ಇಲ್ಲಿ ಜಗತ್ತೇ ಒದ್ದೆಯಾಗಿತ್ತು.

ಫೋನ್ ಅದುರಿತು. ಅತ್ತಿಗೆ.

"ಹತ್ತಿದ್ಯಾ?"

"ಇನ್ನೂ ಇಲ್ಲ ಅತ್ತಿಗೆ. ಅಂಟ್ಕೊಂಡುಬಿಟ್ಟೆ."

"ಕೇಳು. ನಿಮ್ಮಣ್ಣ ಬೆಳಗ್ಗೇನೇ ಕಾರ್ ತಗೊಂಡು ಹೊರಟಿದಾರೆ. ಅಲ್ಲಿಗೇ. ಹೇಳ್ಬೇಡ ಅಂದಿದಾರೆ, ಅದಕ್ಕೇ ಹೇಳ್ತಿದೀನಿ."

"ಗೆಲ್ಲೋಕಾ?"

"ಅಯ್ಯೋ, ಗೆಲ್ಲೋದಲ್ಲ, ಸುಡುಗಾಡು. ಎರಡು ರಾತ್ರಿಯಿಂದ ನಿದ್ದೆ ಇಲ್ಲ ಆ ಮನುಷ್ಯಂಗೆ. ಕೈಗೆ ಕೆಲಸ ಇಲ್ದಿದ್ರೆ ಹುಚ್ಚು ಹಿಡಿಯುತ್ತೆ ಅವರಿಗೆ. ನಿನ್ನೆ ನಮ್ಮ ಊಟದ ಮೇಜನ್ನೇ ಎತ್ತಿ ಆ ಕಡೆ ಇಟ್ಟು, ಮತ್ತೆ ಎತ್ತಿ ಈ ಕಡೆ ಇಟ್ರು." ಅತ್ತಿಗೆಯ ದನಿ ತಗ್ಗಿತು. "ಅವರು ಬರೋದ್ರೊಳಗೆ ಹತ್ತಿಬಿಡೇ."

ಅವಳು ಫೋನನ್ನು ಮಡಿಲಲ್ಲಿಟ್ಟು ಬೆಂಚನ್ನು ನೋಡುತ್ತ ಕೂತಳು. ನೀರಾಟ ಮುಗಿಸಿ ಬಂದ ಇಬ್ಬರು, ಮೈತುಂಬ ತೆಳು ಹಳದಿ ಪ್ಲಾಸ್ಟಿಕ್ ಮಳೆಯಂಗಿ ತೊಟ್ಟವರು, ಬೆಂಚಿನ ಮೇಲೆ ಕೂರಲು ಹೋದರು. ಒಬ್ಬ ಕೂತವನು ಕೂತಲ್ಲಿಂದ ಸೊಂಯ್ಯನೆ ಜಾರಿ ಇನ್ನೊಬ್ಬನಿಗೆ ಡಿಕ್ಕಿ ಹೊಡೆದ.

ಪ್ಲಾಸ್ಟರಿನ ಮೇಲೆ ಪ್ಲಾಸ್ಟರ್ ಸುರಿದರೆ ಎರಡೂ ಒಂದಾಗಿಬಿಡುತ್ತವೆ. ಬಿಡಿಸಲು ಸುತ್ತಿಗೆಯೇ ಬೇಕು. ಅದಕ್ಕೇ ನಡುವೆ ತೆಳ್ಳಗೆ ಸೋಪಿನ ನೀರು ಬಳಿಯುತ್ತಾರೆ. ಕೆಲಸ ಕಲಿತ ಮೊದಲ ವಾರದ ಪಾಠ. ಅಂಟಬಾರದೆಂದರೆ ನಡುವೆ ಏನಾದರೂ ಇರಬೇಕು.

"ಆ ಅಂಗಿ ಎಲ್ಲಿ ಸಿಗುತ್ತೆ?" ಎಂದು ಜಾರಿದವನನ್ನೇ ಕೇಳಿದಳು.

ಹಳದಿ ಅಂಗಿ ತೊಡೆಯ ಮೇಲೆ ಹಾಕಿಕೊಂಡು ಅವಳು ಇಳಿಜಾರು ಹತ್ತಿ ಬಂದಾಗ ಬಂಡಿಯ ಬಾಗಿಲಲ್ಲಿ ಮೇಲ್ವಿಚಾರಕ ನಿಂತಿದ್ದ. ಬಂಡಿ ಬಿಡುವ ಹೆಂಗಸೇ ಹೇಳಿಕಳಿಸಿರಬೇಕು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ವಾಕಿಟಾಕಿ, ಮಾಸ್ಕಿನ ಮೇಲೆ ಪಾರ್ಕಿನ ನಗುವ ಬಾಯಿಯ ಚಿತ್ರ. ಮೇಲೆ ಕಣ್ಣು ಗಾಬರಿಯಲ್ಲಿದ್ದರೂ ಕೆಳಗೆ ಬಾಯಿ ನಗುತ್ತಲೇ ಇತ್ತು.

"ಮೇಡಂ, ನಿಮಗೆ ತೊಂದರೆ ಆಯ್ತಂತೆ. ನಮ್ಮ ದೋಣಿ ರೈಡ್ ಇದೆ, ತುಂಬಾ ಆರಾಮ. ಕುರ್ಚಿ ಸಮೇತ ಹೋಗ್ಬಹುದು. ಎಷ್ಟು ಸಲ ಬೇಕಾದ್ರೂ."

"ದೋಣಿ ನಿನ್ನೆ ಆಯ್ತು. ಬಾತುಕೋಳಿಗಳೂ ನಮ್ಮನ್ನ ಹಿಂದೆ ಹಾಕಿದ್ವು."

ಅವನು ಬೋರ್ಡಿನತ್ತ ಕೈ ತೋರಿಸಿದ. "ನಿಯಮ ನೋಡಿ. ತಾವೇ ಹತ್ತಬೇಕು, ಇಲ್ಲ ಜೊತೆಗಾರರು ಹತ್ತಿಸಬೇಕು. ಸಿಬ್ಬಂದಿ ಮುಟ್ಟೋ ಹಾಗಿಲ್ಲ. ನಿಮ್ಮ ಜೊತೆ ಯಾರಿದಾರೆ?"

"ಹಲಗೆ ಇದೆ."

"ಬಂಡಿ ಮೇಲೆ ಮಧ್ಯದಲ್ಲಿ ನಿಂತುಬಿಟ್ರೆ? ಮೆಟ್ಟಿಲು ಇಳೀಬೇಕಾಗುತ್ತೆ."

"ಆಗಾಗ ನಿಲ್ಲುತ್ತಾ?"

"ಛೆ ಛೆ! ಇವತ್ತಿನವರೆಗೂ ನಿಂತಿಲ್ಲ."

"ಮತ್ತೆ? ನಿಂತ್ರೆ ಇಷ್ಟೂ ಜನರನ್ನ ಇಳಿಸೋಕೆ ಯಾರನ್ನೋ ಕರೀತೀರಲ್ಲ, ಅವರು ನನ್ನನ್ನೂ ಇಳಿಸ್ತಾರೆ." ಒಂದು ಗಳಿಗೆ ಯೋಚಿಸಿದಳು. "ಅದು ಎತ್ತಿದ ಲೆಕ್ಕಕ್ಕೆ ಬರಲ್ಲ. ಅಪಘಾತ."

ಮೇಲ್ವಿಚಾರಕ ಬೋರ್ಡನ್ನು ಇನ್ನೊಮ್ಮೆ ಓದಿದ. ಅದರಲ್ಲಿ ಹಲಗೆಯ ಬಗ್ಗೆ ಏನೂ ಇರಲಿಲ್ಲ. ಬಂಡಿ ಬಿಡುವ ಹೆಂಗಸು ಪರದೆಯ ಹಿಂದಿನಿಂದ ಮೆಲ್ಲಗೆ ಅಂದಳು: "ಸಾರ್, ಕೊನೇ ಸಾಲು ಕೊಡೋಣ. ಇಳಿಜಾರಿಗೆ ಹತ್ರ. ನಾನು ಸೀಟು ಒರೆಸ್ತೀನಿ, ಚೆನ್ನಾಗಿ." 'ಸ'ಕಾರ ಹೇಳುವಾಗ ಅವಳ ಮಾತಿನಲ್ಲಿ ಗಾಳಿ ಸೋರುತ್ತಿತ್ತು. ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ, ಎಂದುಕೊಂಡಳು ಇವಳು. ಒಳ್ಳೆಯ ಸಂದಿ. ಮುಚ್ಚಿಸಬಾರದಂಥದು.

ಈ ಸಲ ಮಳೆಯಂಗಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದಳು. ಹಲಗೆ ಇಟ್ಟಳು. ಬ್ರೇಕ್ ನೋಡಿದಳು, ಮತ್ತೆ ನೋಡಿದಳು. ತಲೆಯನ್ನು ಒಂದು ಕಡೆ ಬಾಗಿಸಿದರೆ ಸೊಂಟ ಇನ್ನೊಂದು ಕಡೆ ಹೋಗುತ್ತದೆ, ಅದೇ ಗುಟ್ಟು. ಬಾಗಿದಳು. ಒತ್ತಿದಳು. ಸೀಟು ಕುರ್ಚಿಗಿಂತ ತಗ್ಗಿನಲ್ಲಿತ್ತು. ಹಲಗೆಯ ಮೇಲೆ ಸರಿದದ್ದಷ್ಟೇ ಗೊತ್ತು, ಪ್ಲಾಸ್ಟಿಕ್ ಸಿಕ್ಕಿದೊಡನೆ ಸೊಂಯ್ಯನೆ ಒಳಗೆ ಬಿದ್ದಳು, ಬುತ್ತಿ ಡಬ್ಬಿಯೊಳಗೆ ಬಿದ್ದ ಚಮಚದಂತೆ.

ಹಳದಿ ವೃತ್ತಗಳಿಂದ ಚಪ್ಪಾಳೆ. ಅವಳು ಕಾಲುಗಳನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು, ಮೇಲೆ ಹೋದಾಗ ಚೆಲ್ಲಾಪಿಲ್ಲಿಯಾಗದಂತೆ ಮಂಡಿಗಳಿಗೆ ಬೆಲ್ಟು ಬಿಗಿದಳು. ಕಬ್ಬಿಣದ ಪಟ್ಟಿ ಮಡಿಲ ಮೇಲೆ ಇಳಿದು ಕಟಕ್ಕೆಂದಿತು.

ಬಂಡಿ ಹತ್ತತೊಡಗಿತು. ಸರಪಳಿ ಕಟಕಟ ಕಡಿಯುತ್ತಿತ್ತು, ಕಚ್ಚು ಸರಿಯಿಲ್ಲದ ಸೆಟ್ಟಿನಂತೆ. ಪಾರ್ಕು ಕೆಳಗೆ ಬಿಚ್ಚಿಕೊಂಡಿತು: ಖಾಲಿ ಬೀದಿಗಳು, ಅಲ್ಲೊಂದು ಇಲ್ಲೊಂದು ಕುಟುಂಬ, ಆಚೆ ಹೋಟೆಲು, ಅದರಾಚೆ ಹೆದ್ದಾರಿ. ಆ ಹೆದ್ದಾರಿಯಲ್ಲಿ ಎಲ್ಲೋ ಅಣ್ಣ. ತುದಿಯಲ್ಲಿ ಬಂಡಿ ಒಂದು ಕ್ಷಣ ನಿಂತಂತಾಯಿತು.

ಆಮೇಲೆ ಹೊಟ್ಟೆ ಮೇಲೆ ಉಳಿದು ಅವಳೊಬ್ಬಳೇ ಕೆಳಗೆ ಹೋದಳು.

ಕಿರುಚಿದಳು. ಭಯಕ್ಕಲ್ಲ, ಬಾಯಿ ತಾನಾಗಿ ತೆರೆದುಕೊಂಡಿತು. ಮೊದಲ ತಿರುವಿನಲ್ಲಿ ಎಲ್ಲರೂ ಎಡಕ್ಕೆ ವಾಲಿದರು, ಅವಳೂ. ಎರಡನೆಯದರಲ್ಲಿ ಎಲ್ಲರೂ ಸೀಟಿನಿಂದ ಮೇಲೆದ್ದರು, ಅವಳೂ. ಮುಂದಿದ್ದವರ ಕಾಲುಗಳೂ ಆ ಗಳಿಗೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಗಾಳಿಯಲ್ಲಿದ್ದಳು, ಯಾರ ತೋಳೂ ಇಲ್ಲದೆ.

ಬಂಡಿ ನಿಂತಿತು. ಪಟ್ಟಿ ಎದ್ದಿತು. ಎಲ್ಲರೂ ಇಳಿದರು. ಅವಳು ಪಕ್ಕದಲ್ಲಿ ಕಾಯುತ್ತಿದ್ದ ಕುರ್ಚಿಯಿಂದ ಹಲಗೆ ಎಳೆದಿಟ್ಟುಕೊಂಡು ಮೇಲೆ ನೋಡಿದಳು, ಆಗ ತಿಳಿಯಿತು ತಾನು ಮಾಡಿದ ಎಡವಟ್ಟು.

ಹಲಗೆ ಏರಾಗಿ ನಿಂತಿತ್ತು.

ಬರುವಾಗ ಇಳಿಜಾರು. ಹೋಗುವಾಗ ಗುಡ್ಡ. ಮನೆಯಲ್ಲಿ ಮಂಚ, ಸೋಫಾ, ಸ್ನಾನದ ಸ್ಟೂಲು ಎಲ್ಲದರ ಕಾಲನ್ನೂ ಬಡಗಿಯಿಂದ ಕುರ್ಚಿಯ ಮಟ್ಟಕ್ಕೆ ಕೊಯ್ಯಿಸಿಕೊಂಡಿದ್ದಳು. ಹೋಟೆಲಿನ ಮಂಚವೂ ಅದೃಷ್ಟಕ್ಕೆ ಅದೇ ಮಟ್ಟದ್ದಾಗಿತ್ತು. ಹೀಗೆ ತೀರ ಬುಡದಿಂದ ಏರುವುದನ್ನು ಅವಳು ಒಮ್ಮೆಯೂ ಮಾಡಿರಲಿಲ್ಲ. ಹತ್ತುವುದರ ಬಗ್ಗೆ ಹಗಲಿರುಳು ಯೋಚಿಸಿದವಳಿಗೆ ಇಳಿಯುವುದು ನೆನಪೇ ಆಗಿರಲಿಲ್ಲ.

ಒತ್ತಿದಳು. ಒಂದಿಷ್ಟು ಏರಿ, ಅಷ್ಟೂ ಜಾರಿದಳು. ಮಳೆಯಂಗಿ ಈಗ ಶತ್ರುಪಕ್ಷ ಸೇರಿತ್ತು.

"ಮೇಡಂ," ಮೇಲ್ವಿಚಾರಕನ ಮಾಸ್ಕು ನಗುತ್ತಿತ್ತು, "ಗ್ಲೌಸ್ ಹಾಕಿ ಇಬ್ಬರನ್ನ ಕರೆಸ್ತೀನಿ. ಇಳಿಸೋ ನಿಯಮ ಬೇರೆ."

"ನಿಮ್ಮ ನಿಯಮ ಬೇರೆ ಇರಬಹುದು. ನನ್ನದು ಒಂದೇ. ಸ್ವಲ್ಪ ಯೋಚನೆ ಮಾಡೋಕೆ ಬಿಡಿ."

ವೃತ್ತಗಳಲ್ಲಿ ಜನ ಕಾಲು ಬದಲಿಸಿದರು. ಬಂಡಿ ಬಿಡುವ ಹೆಂಗಸು ಬಗ್ಗಿ, ದೂರದಿಂದಲೇ ಪಿಸುಗುಟ್ಟಿದಳು: "ಅಕ್ಕಾ, ಒಂದು ಕೆಲಸ ಮಾಡಿ. ಕೂತೇ ಇರಿ. ಇವರನ್ನೆಲ್ಲ ಹತ್ತಿಸ್ತೀನಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಮೇಲೆ ಯೋಚನೆ ಮಾಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಪಟ್ಟಿ ಮತ್ತೆ ಕಟಕ್ಕೆಂದಿತು.

ಹೀಗೆ, ಎರಡನೆಯ ಸಲ ಸರಪಳಿ ಕಡಿಯುತ್ತಿರುವಾಗ, ಜನರೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿರುವಾಗ, ಅವಳು ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದಳು. ಕಚ್ಚು ತಗ್ಗಾದರೆ ಏನು ಮಾಡುತ್ತೀಯ? ಹಲ್ಲಿನ ಕೆಳಗೆ ಮೇಣ ಹಾಕಿ ಎತ್ತರಿಸುತ್ತೀಯ. ಮೇಣ ಯಾವುದು ಇಲ್ಲಿ? ಬಂಡಿ ತುದಿ ಮುಟ್ಟಿತು. ನಾನು ಕೂರುವ ಕುರ್ಚಿಯ ದಿಂಬು! ಅದನ್ನು ತೆಗೆದರೆ ಕುರ್ಚಿ ತಗ್ಗುತ್ತದೆ, ನನ್ನ ಕೆಳಗೆ ಹಾಕಿದರೆ ನಾನು ಎತ್ತರವಾಗುತ್ತೇನೆ. ಒಂದೇ ದಿಂಬು, ಎರಡು ಲಾಭ. "ದಿಂಬೂ!" ಎಂದು ಕಿರುಚುತ್ತಲೇ ಕೆಳಗಿಳಿದಳು. ಮುಂದಿನ ಸಾಲಿನವರು ಅದನ್ನೊಂದು ಬಗೆಯ ಭಯವೆಂದುಕೊಂಡಿರಬೇಕು.

ಬಂಡಿ ನಿಂತಾಗ ಇಳಿಯುವ ಬಾಗಿಲಲ್ಲಿ ಅಣ್ಣ ಇದ್ದ.

ಓಡಿ ಬಂದಿದ್ದ. ಮಾಸ್ಕು ಗಲ್ಲದಲ್ಲಿತ್ತು. "ಮೂಗು ಮುಚ್ಕೊಳಿ ಸಾರ್," ಎಂದಳು ಬಂಡಿ ಬಿಡುವ ಹೆಂಗಸು. ಅವನು ಮುಚ್ಚಿಕೊಂಡ. ಒಂದೂವರೆ ವರ್ಷದಿಂದ ಅವನನ್ನು ಫೋನಿನ ಗಾಜಿನಲ್ಲೇ ನೋಡಿದ್ದಳು. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಗಾಜಿನಲ್ಲಿ ಅದು ಕಂಡಿರಲಿಲ್ಲ.

"ನಿಮ್ಮತ್ತಿಗೆ ಹೇಳಿದ್ಲಾ?" ಅಂದ.

"ಹೇಳಿದ್ರು."

"ನೀವಿಬ್ಬರೂ ಒಂದೇ." ಉಸಿರು ಹಿಡಿದುಕೊಂಡ. "ಕೆಳಗಿಂದ ನೋಡಿದೆ ಕಣೇ. ಇಳಿಜಾರಿನ ಬುಡದಿಂದ. ನಿನ್ನ ಕಿರುಚಾಟ ಅಲ್ಲಿಗೇ ಕೇಳಿಸ್ತು. ದಿಂಬು ಅಂದ್ರೆ ಏನೇ?"

ಬಂಡಿ ಬಿಡುವ ಹೆಂಗಸು ಕುರ್ಚಿಯ ದಿಂಬನ್ನು ತೋಳು ಪೂರ್ತಿ ಚಾಚಿ ಕೊಟ್ಟಿದ್ದಳು. ಇವಳು ಮಳೆಯಂಗಿ ಎಳೆದು ಬಿಸಾಕಿ, ಎಡಕ್ಕೆ ವಾಲಿ, ಬಲಗಡೆಯ ಕೆಳಗೆ ದಿಂಬನ್ನು ತುರುಕುತ್ತಿದ್ದಳು. ಮುಕ್ಕಾಲು ಹೋಯಿತು. ಹಣೆಯಿಂದ ಬೆವರು ಮಾಸ್ಕಿನೊಳಗೆ ಇಳಿಯಿತು. ತೋಳು ನಡುಗುತ್ತಿತ್ತು. ಬಲಕ್ಕೆ ವಾಲಿ ಇನ್ನೊಂದು ಮೂಲೆ ಎಳೆದುಕೊಂಡಳು. ಸಾಲಿನಲ್ಲಿ ಯಾರೋ ಕೆಮ್ಮಿದರು, ಎಲ್ಲರೂ ಆ ಕಡೆ ತಿರುಗಿದರು, ಮತ್ತೆ ಈ ಕಡೆ ನೋಡಿದರು.

ಅಣ್ಣ ಅವಳ ನಡುಗುವ ತೋಳನ್ನೇ ನೋಡುತ್ತಿದ್ದ. ಭಾರ ಗೊತ್ತಿದ್ದವನು. ಎಷ್ಟು ನಡುಗಿದರೆ ಕೈ ಸೋಲುತ್ತದೆ ಎಂಬುದೂ ಗೊತ್ತಿದ್ದವನು. ಅವನ ಕೈಗಳು ತಾವಾಗಿ ಮುಂದೆ ಬಂದವು, ಒಂದು ಕೆಳಗೆ, ಒಂದು ಮೇಲೆ.

"ಮೆಣಸು, ಪಂದ್ಯ ಮುಗೀತು. ನೀನೇ ಗೆದ್ದೆ. ಹತ್ತೋದು ತಾನೇ ಪಂದ್ಯ, ಹತ್ತಿದೆ. ನಾಳೇನೇ ಆ ರೂಮಿಗೆ ಸಾಮಾನು ತುಂಬ್ತೀನಿ, ಅಮ್ಮನಾಣೆ. ಈಗ ಎತ್ತಿದ್ದು ಯಾವ ಲೆಕ್ಕಕ್ಕೂ ಇಲ್ಲ." ಅವನ ದನಿ ಸಣ್ಣದಾಯಿತು. ಇದೇ ಮೊದಲ ಸಲ ಅವನು ಕೇಳುತ್ತಿದ್ದ. "ಎತ್ತಲಾ?"

ಅವಳು ಹಲಗೆಯನ್ನು ಎಳೆದುಕೊಂಡು ಕುರ್ಚಿಯ ಮೇಲಿಟ್ಟಳು. ಅದು ಹೆಚ್ಚುಕಡಿಮೆ ಮಟ್ಟವಾಗಿ ಕೂತಿತು.

"ಬೇಡ," ಎಂದಳು.